ಬೆಳಗಾವಿಯಲ್ಲಿ ಮೋಡಿ ಕಾಗದ ಓದಿಸುವವರು ಈ ಕಾಕಾನ ಹತ್ತಿರ ಹೋಗಿ

ನಮ್ಮ ಅಜ್ಜನ ಅಜ್ಜ ಬಾದಾಮಿ ಕಡೆ ಸರಕಾರಿ ಕನ್ನಡ ಸಾಲಿ ಮಾಸ್ತರು. ಈ ಭಾಗ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. ಕಲಿಸಿದ್ದು ಕನ್ನಡ, ಕಚೇರಿಗೆ ಬರೆದದ್ದೆಲ್ಲ ಮೋಡಿ, ಅಂದರೆ ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಕೂಡುಬರಹದ ಲಿಪಿ. ಆ ಕಾಗದದ ಗಂಟನ್ನು ಮನೆಯಲ್ಲಿ ಜೋಪಾನ ಮಾಡಿದವರುಂಟು, ಓದಿದವರಿರಲಿಲ್ಲ.

ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ, ಮಾಳಿಗೆ ಮೇಲೆ, ಮೋಡಿ ಓದಿಕೊಡುವ ಹಿರಿಯರೊಬ್ಬರಿದ್ದಾರೆ. ಅಲ್ಲಿಗೆ ಬರುವವರು ಹೆಚ್ಚಾಗಿ ಹೊಲದ ವಾಟ್ನಿ (ಪಾಲು) ಪತ್ರ, ಖರೇದಿ ಪತ್ರ ಹಿಡಿದವರೇ. ಪುಟಕ್ಕೆ 300 ರೂಪಾಯಿ. ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ.

ಮೋಡಿಯಲ್ಲಿ ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದು, ಅದಕ್ಕೆ ಅಕ್ಷರ ಇಳಿಬಿಡುತ್ತಾರೆ. ಪದ ಎಲ್ಲಿ ಮುಗಿಯಿತೋ ತಿಳಿಯದು, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವೂ ಇಲ್ಲ. ಕಾಕಾ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ, ಅರ್ಥ ಕೂಡದಿದ್ದರೆ ಸಾಲಿನ ಮೊದಲಿಗೆ ಹೋಗಿ ಮತ್ತೆ ಶುರು. ಊಹಿಸಿ ತುಂಬಿಸುವುದಿಲ್ಲ, ತಿಳಿಯದ ಕಡೆ ಜಾಗ ಬಿಡುತ್ತಾರೆ. ಇದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

1877ರ ಒಂದು ಅರ್ಜಿ ಇತ್ತು. ಹಾಜರಿ ಇಳಿದದ್ದು ಮಾಸ್ತರನ ಆಲಸ್ಯದಿಂದಲ್ಲ, ಜನ ಹೊಟ್ಟೆಗಿಲ್ಲದೆ ಊರು ಬಿಟ್ಟಿದ್ದಾರೆ, ಪಗಾರ ಕಡಿಯಬಾರದು ಎಂದು ಅಜ್ಜ ಬರೆದಿದ್ದಾರೆ. ಕಾಕಾ ಓದು ನಿಲ್ಲಿಸಿ, “ಅಕ್ಕೋರ, ಇದು ದೊಡ್ಡ ಬರಗಾಲದ ಕಾಗದ್ರಿ” ಅಂದರು. 1876–78ರ ಆ ಬರದಲ್ಲಿ ಈ ಭಾಗ ತತ್ತರಿಸಿತ್ತೆಂದು ಪುಸ್ತಕದಲ್ಲಿ ಓದಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ನಮ್ಮ ಮನೆಯವರೇ ಖಾಲಿ ಸಾಲಿಯಲ್ಲಿ ಕೂತು ಅದನ್ನು ಬರೆದಿಟ್ಟಿದ್ದರು! ಅಂಚಿನಲ್ಲಿದ್ದ ಎರಡು ಸಾಲು ಬೇರೆ ಕೈಯ ಬರಹ, ತನಿಖೆಗೆ ಬಂದವರ ಶೇರಾ (ಷರಾ, ಟಿಪ್ಪಣಿ) ಇರಬೇಕು ಎಂದು ಶಾಯಿ ನೋಡಿಯೇ ಹೇಳಿದರು. “ಪಗಾರ ಪೂರಾ ಕೊಡತಕ್ಕದ್ದು” ಎಂದಿದೆ ಅದರಲ್ಲಿ.

ಅರ್ಜಿಯ ತಲೆಗೆ ‘ಜಿಲ್ಹಾ ಕಲಾದಗಿ’ ಎಂದಿತ್ತು. 1885ರಲ್ಲಿ ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋಗುವವರೆಗೆ ಜಿಲ್ಲೆಯ ಹೆಸರು ಅದೇ. ಬಾಗಲಕೋಟೆ, ವಿಜಯಪುರ ಕಡೆಯ ಹಿರಿಯರನ್ನು ಹುಡುಕುವವರು ಹಳೆ ದಫ್ತರದಲ್ಲಿ ಕಲಾದಗಿ ಹೆಸರನ್ನೂ ನೋಡಬೇಕು. ಇದನ್ನು ಮೊದಲೊಂದು ಕಡೆ ವಿಚಾರಿಸಿದಾಗ ಯಾರೂ ಹೇಳಲಿಲ್ಲ, ಕಾಕಾ ಕೇಳದೆಯೇ ಹೇಳಿದರು.

ತೊಂದರೆಯೂ ಇದೆ. ಫೋನ್ ಎತ್ತುವುದಿಲ್ಲ, ಹೇಳಿದ ವಾರಕ್ಕೆ ಕೆಲಸ ಮುಗಿಯುವುದಿಲ್ಲ. ವಾಟ್ಸಾಪ್ ಫೋಟೋ ನೋಡುವುದೇ ಇಲ್ಲ. ಜೆರಾಕ್ಸ್ ಒಯ್ಯಬೇಡಿ, ತೆಳುವಾದ ಗೆರೆಗಳು ಅದರಲ್ಲಿ ಅಳಿಸಿಹೋಗುತ್ತವೆ. ಅಸಲು ಕಾಗದವನ್ನೇ ಮಡಿಚದೆ ರಟ್ಟಿನ ನಡುವೆ ಇಟ್ಟು ಒಯ್ಯಿರಿ, ಎದುರಿಗೇ ಕೂತು ಓದಿಸಿಕೊಂಡು ಬನ್ನಿ.