ರೇನ್‌ಬೋ ವಾರಿಯರ್ ಅಥವಾ ನಿಕರಾಗುವಾ: ಸೆಮಿನಾರ್‌ಗೆ ಯಾವುದು?

ಸರ್ಕಾರವೇ ಗುಟ್ಟಾಗಿ ಬಾಂಬ್ ಇಟ್ಟರೆ ಅದೂ ಭಯೋತ್ಪಾದನೆಯೇ? ಈ ವಿಷಯಕ್ಕೆ ಒಂದೇ ಪ್ರಕರಣ ಆರಿಸಬೇಕಾದವರು ಈ ಎರಡನ್ನು ನೋಡಿ.

ರೇನ್‌ಬೋ ವಾರಿಯರ್ ಕಥೆ ಚಿಕ್ಕದು. 1985ರ ಜುಲೈ 10ರ ರಾತ್ರಿ, ನ್ಯೂಜಿಲೆಂಡಿನ ಆಕ್ಲೆಂಡ್ ಬಂದರು. ಫ್ರಾನ್ಸಿನ ಅಣು ಪರೀಕ್ಷೆ ವಿರೋಧಿಸಲು ಹೊರಟಿದ್ದ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ರೇನ್‌ಬೋ ವಾರಿಯರ್ ಹಡಗಿನ ತಳಕ್ಕೆ ಫ್ರೆಂಚ್ ಗೂಢಚಾರರು ಎರಡು ಬಾಂಬ್ ಅಂಟಿಸಿದ್ದರು. ಮೊದಲನೆಯದು ಸಿಡಿದಾಗ ಜನ ಇಳಿಯತೊಡಗಿದರು. ಎರಡನೆಯದು ಸಿಡಿದಾಗ ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ಒಳಗೇ ಇದ್ದರು, ಮುಳುಗಿ ಸತ್ತರು. ಫ್ರಾನ್ಸ್ ಮೊದಲು ಕೈ ತೊಳೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ರಕ್ಷಣಾ ಮಂತ್ರಿ ರಾಜೀನಾಮೆ ಕೊಟ್ಟರು, ಇದು ನಮ್ಮ ಗೂಢಚಾರರದೇ ಕೆಲಸ ಎಂದು ಪ್ರಧಾನಿ ಒಪ್ಪಿಕೊಂಡರು. ಸಿಕ್ಕಿಬಿದ್ದ ಇಬ್ಬರಿಗೆ 10 ವರ್ಷ ಶಿಕ್ಷೆಯಾಯಿತು. ಮೂರು ವರ್ಷದೊಳಗೆ ಇಬ್ಬರೂ ಫ್ರಾನ್ಸಿಗೆ ವಾಪಸ್! ಶಿಕ್ಷೆ ಅಂದ್ರೆ ಇದೇನಾ?

ಮಧ್ಯ ಅಮೆರಿಕದ ದೇಶ ನಿಕರಾಗುವಾದ ಪ್ರಕರಣದಲ್ಲಿ ಸಿಕ್ಕು ಜಾಸ್ತಿ. ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ಹಣ, ತರಬೇತಿ ಕೊಟ್ಟಿತು. 1984ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ನಿಕರಾಗುವಾದ ಕೊರಿಂಟೊ ಮುಂತಾದ ಬಂದರುಗಳ ನೀರಿನಲ್ಲಿ ಮೈನ್ (ಹಡಗು ತಾಗಿದರೆ ಸಿಡಿಯುವ ಬಾಂಬ್) ಹಾಕಿಸಿತು. ಹತ್ತಿರದ ದೇಶ ಎಲ್ ಸಾಲ್ವಡಾರ್‌ನ ರಕ್ಷಣೆಗಾಗಿ ಅನ್ನುವುದು ಅಮೆರಿಕದ ವಾದ. 1986ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಪರಿಹಾರ ಕೊಡಿ ಅಂದಿತು. ಅಮೆರಿಕ ಕ್ಯಾರೇ ಅನ್ನಲಿಲ್ಲ. ಆದರೆ ಕಾಂಟ್ರಾಗಳು ಮಾಡಿದ್ದನ್ನೆಲ್ಲ ಅಮೆರಿಕದ ತಲೆಗೆ ಕಟ್ಟಲು ಕೋರ್ಟೂ ಒಪ್ಪಲಿಲ್ಲ. ಚರ್ಚೆಯ ನಿಜವಾದ ಗಂಟು ಇರುವುದು ಇಲ್ಲೇ.

ಸಮಯ ಕಡಿಮೆಯಿದ್ದರೆ ರೇನ್‌ಬೋ ವಾರಿಯರ್ ಸಾಕು. ಯಾರು ಮಾಡಿದರು ಅನ್ನುವುದರಲ್ಲಿ ಜಗಳವೇ ಇಲ್ಲ. ಕಾನೂನು ಓದುವವರು ನಿಕರಾಗುವಾ ಹಿಡಿಯಿರಿ, ಆದರೆ ತೀರ್ಪು ದೊಡ್ಡದು. ಬಹುಮತವನ್ನು ಒಪ್ಪದ ನ್ಯಾಯಾಧೀಶರ ಭಿನ್ನಮತದ ತೀರ್ಪುಗಳನ್ನು ಮಾತ್ರ ಬಿಡಬೇಡಿ. ಎದುರಾಳಿಯ ಪ್ರಶ್ನೆಗಳು ಬರುವುದು ಅಲ್ಲಿಂದಲೇ.