ಲಡಾಖ್‌ನ ಚಳಿಗಾಲದ ಡೀಸೆಲ್: ಲಾರಿ ಮಾಲೀಕನೊಬ್ಬನ ಅಭಿಪ್ರಾಯ

ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರ್‌ನಲ್ಲಿ ಲಡಾಖ್‌ನಂಥ ಎತ್ತರದ ಪ್ರದೇಶಗಳಿಗಾಗಿ ಹೊರತಂದ ಚಳಿಗಾಲದ ಡೀಸೆಲ್, ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹರಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಸಂಸ್ಥೆಯ ಭರವಸೆ. ನನ್ನ ಹನ್ನೆರಡು ಚಕ್ರದ ಲಾರಿಯಲ್ಲಿ ಚಾಲಕನ ಜೊತೆ ಎರಡು ಸಲ, ಎರಡು ಬೇರೆ ಬೇರೆ ವರ್ಷಗಳ ನವೆಂಬರ್ ಕೊನೆಯಲ್ಲಿ, ಶ್ರೀನಗರದ ದಾರಿಯಾಗಿ ಲೇಹ್‌ಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಈ ಡೀಸೆಲ್‌ನ ವಿಚಾರವನ್ನೇ ತಲೆಗೆ ಹಚ್ಚಿಕೊಳ್ಳದೆ, ಎರಡನೆಯ ಸಲ ಲೆಕ್ಕ ಹಾಕಿ ತುಂಬಿಸಿಕೊಂಡು. ಸರಕು ಒಳ್ಳೆಯದೇ. ಆದರೆ ಅದು ಯಾವ ಕಾಯಿಲೆಗೆ ಔಷಧ, ಯಾವುದಕ್ಕೆ ಅಲ್ಲ ಎಂದು ತಿಳಿಯದೆ ಹಣ ಕೊಟ್ಟವರು ನಸುಕಿನಲ್ಲಿ ಸೆಲ್ಫ್ ಹೊಡೆಯುತ್ತ ಕೂರಬೇಕಾದೀತು.

ಮೊದಲ ಪ್ರಯಾಣದಲ್ಲಿ, ಬಯಲು ಸೀಮೆಯಲ್ಲಿ ದರ ಕಡಿಮೆಯೆಂದು ಟ್ಯಾಂಕ್ ಭರ್ತಿ ಮಾಡಿಸಿ, 3,528 ಮೀಟರ್ ಎತ್ತರದ ಜೋಜಿ ಲಾ ದಾಟಿ ದ್ರಾಸ್ ಬಳಿ ರಾತ್ರಿ ತಂಗಿದ್ದೆವು. ಬೆಳಿಗ್ಗೆ ಸೆಲ್ಫ್ ಎರಡು ಸಲ ನರಳಿ ನಿಂತಿತು. ನಮ್ಮದು 24 ವೋಲ್ಟ್‌ನ ವ್ಯವಸ್ಥೆ. 12 ವೋಲ್ಟ್‌ನ ಎರಡು ಬ್ಯಾಟರಿಗಳಲ್ಲಿ ತಲಾ 12.6 ಇರಬೇಕಾದಲ್ಲಿ ಒಂದು 12.2 ತೋರಿಸುತ್ತಿತ್ತು, ಅಂದರೆ ಸುಮಾರು ಅರ್ಧ ಚಾರ್ಜ್ ಮಾತ್ರ. ಚಳಿಗೆ ಬ್ಯಾಟರಿಯ ಕಸುವು ತಾನಾಗಿಯೇ ಇಳಿಯುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಎಂಜಿನ್ ಆಯಿಲ್ ಹೆಚ್ಚು ಬಲವನ್ನು ಕೇಳುತ್ತದೆ. ಪಕ್ಕದ ಲಾರಿಯಿಂದ ಕೇಬಲ್ ಎಳೆದುಕೊಂಡ ಮೇಲೆ ಎಂಜಿನ್ ಚುರುಕಾಗಿಯೇ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ.

ಆಗ ನೋಡಬೇಕಾದದ್ದು ಸೈಲೆನ್ಸರ್ ಕಡೆಗೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ, ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿದೆ, ಆದರೆ ಉರಿಯುವಷ್ಟು ಶಾಖವಿಲ್ಲ ಎಂದು ಅರ್ಥ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ, ಒತ್ತಿ ಕಾಯಿಸಿದ ಗಾಳಿಯೇ ಬೆಂಕಿ, ಆದ್ದರಿಂದ ಹೀಟರ್ ಪ್ಲಗ್ ಅಥವಾ ಒಳಗಾಳಿಯನ್ನು, ಅಂದರೆ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯನ್ನು, ಕಾಯಿಸುವ ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಹೊಗೆಯೇ ಬರದಿದ್ದರೆ ಡೀಸೆಲ್ ಮೇಲಕ್ಕೆ ಬರುತ್ತಿಲ್ಲ. ನಮಗೆ ಹೊಗೆ ಬರಲಿಲ್ಲ. ಫಿಲ್ಟರ್ ಬಿಚ್ಚಿದಾಗ, ಮಾಗಿಯ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದಲ್ಲ, ಅದೇ ಬಗೆಯ ಬಿಳಿ ಮೇಣ ಒಳಗೆಲ್ಲ ಕೂತಿತ್ತು.

ಡೀಸೆಲ್‌ನಲ್ಲಿ ಸಹಜವಾಗಿಯೇ ಇರುವ ಮೇಣ ಚಳಿಗೆ ಹರಳಾಗಿ ಫಿಲ್ಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಟ್ಯಾಂಕಿನೊಳಗೆ ಅದು ಪೂರ್ತಿ ಗಟ್ಟಿಯಾಗುವುದಕ್ಕೆ ಬಹಳ ಮೊದಲೇ ಲಾರಿ ನಿಂತುಹೋಗುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಸಾಮಾನ್ಯ ಡೀಸೆಲ್ ಫಿಲ್ಟರ್ ಕಟ್ಟುವ ಉಷ್ಣಾಂಶದ ಮಿತಿ ಬೇಸಿಗೆಗೆ 18 ಡಿಗ್ರಿ, ಚಳಿಗಾಲಕ್ಕೆ 6 ಡಿಗ್ರಿ. ಇವು ಮೈನಸ್ ಅಲ್ಲ ಎಂಬುದನ್ನು ಗಮನಿಸಬೇಕು. ಬಯಲಿನಲ್ಲಿ ತುಂಬಿಸಿದ ಡೀಸೆಲ್ ದ್ರಾಸ್‌ನ ರಾತ್ರಿಯನ್ನು ತಾಳದಿದ್ದರೆ ಅದು ಬಂಕ್‌ನವರ ಕಲಬೆರಕೆಯೇ ಆಗಿರಬೇಕಿಲ್ಲ.

ಅಂದು ನೆರವಿಗೆ ಬಂದ ರಸ್ತೆಬದಿಯ ಮೆಕ್ಯಾನಿಕ್ ಟ್ಯಾಂಕಿನಡಿ ಸ್ಟೌ ಹೊತ್ತಿಸಲು ಹೊರಟಿದ್ದ. ಅದನ್ನು ತಡೆದದ್ದಕ್ಕೆ ಮುನಿಸಿಕೊಂಡು ಡೀಸೆಲ್‌ಗೆ ಬೆರೆಸಲೆಂದು ಹತ್ತು ಲೀಟರ್ ಸೀಮೆಎಣ್ಣೆಯನ್ನು ದುಬಾರಿ ಬೆಲೆಗೆ ಕೊಡಲು ಬಂದ. ಹಳೆಯ ಲಾರಿಗಳಲ್ಲಿ ಆ ಉಪಾಯ ನಡೆಯುತ್ತಿತ್ತು, ಆದರೆ ಸೀಮೆಎಣ್ಣೆಗೆ ಜಾರುವ ಗುಣ ಕಡಿಮೆ, ಈಗಿನ ಅಧಿಕ ಒತ್ತಡದ ಪಂಪ್ ಮತ್ತು ಇಂಜೆಕ್ಟರ್‌ಗಳು ಸವೆಯುತ್ತವೆ. ಎಂಜಿನ್ ಶುರುಮಾಡಲು ಸಿಂಪಡಿಸುವ, ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇಯನ್ನಂತೂ ಒಳಗಾಳಿಯ ಹೀಟರ್ ಇರುವ ಎಂಜಿನ್‌ನ ಹತ್ತಿರಕ್ಕೂ ತರಬಾರದು. ಫಿಲ್ಟರ್ ಮತ್ತು ಪೈಪಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆದು ಹೊರಡುವ ಹೊತ್ತಿಗೆ ಹನ್ನೊಂದೂವರೆ ಆಗಿತ್ತು.

ಎರಡನೆಯ ಸಲ ದ್ರಾಸ್‌ನಲ್ಲಿ ತಂಗದೆ, ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಕಡಿಮೆ ಡೀಸೆಲ್ ಉಳಿಯುವಂತೆ ಬಂದು, ಲಡಾಖ್‌ನ ಬಂಕ್‌ನಲ್ಲಿ ಕೇಳಿಯೇ ಚಳಿಗಾಲದ ಡೀಸೆಲ್ ತುಂಬಿಸಿದೆವು. ಅದರ ಮೇಲೆ ಇಪ್ಪತ್ತು ಕಿಲೋಮೀಟರ್ ಓಡಿದ್ದರಿಂದ ಪೈಪು ಮತ್ತು ಫಿಲ್ಟರ್‌ನಲ್ಲಿದ್ದ ಹಳೆಯ ಡೀಸೆಲ್ ಕೂಡ ಖಾಲಿಯಾಯಿತು. ಈ ಓಟವನ್ನು ಬಿಟ್ಟರೆ ತುಂಬಿಸಿದ್ದೇ ವ್ಯರ್ಥ. ನಾಲ್ಕು ರಾತ್ರಿಗಳಲ್ಲಿ ಒಮ್ಮೆಯೂ ಫಿಲ್ಟರ್ ಕಟ್ಟಲಿಲ್ಲ. ಎಳೆತದಲ್ಲಾಗಲಿ ಮೈಲೇಜಿನಲ್ಲಾಗಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಕೊರತೆಯೆಂದರೆ, ಬೇಕಾದಲ್ಲಿ ಅದು ಸಿಗುವುದಿಲ್ಲ. ಘಾಟ್ ಹತ್ತುವ ಮೊದಲೇ ಸಿಗುವಂತಿದ್ದರೆ ಖಾಲಿ ಟ್ಯಾಂಕಿನ ಈ ಕಸರತ್ತು ಬೇಕಿರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಕಾಲು ಟ್ಯಾಂಕ್ ಡೀಸೆಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ತಮಾಷೆಯ ಮಾತಲ್ಲ. ಈಗಾಗಲೇ ಮೇಣ ಕಟ್ಟಿದ ಟ್ಯಾಂಕಿಗೆ ಇದನ್ನು ಸುರಿದರೆ ಫಿಲ್ಟರ್ ತೆರೆದುಕೊಳ್ಳುತ್ತದೆಂದು ಕೂಡ ನಿರೀಕ್ಷಿಸಬಾರದು. ಬಿಎಸ್6 ಲಾರಿಯವರು, ಹೊಗೆಯ ಮಾಲಿನ್ಯ ತಗ್ಗಿಸಲು ಬಳಸುವ ಯೂರಿಯಾ ಟ್ಯಾಂಕಿನ ದ್ರಾವಣ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುವುದನ್ನು ಕಂಡು ಡೀಸೆಲ್ಲನ್ನು ದೂರಬಾರದು. ಅದನ್ನು ಕರಗಿಸಲು ಗಾಡಿಯಲ್ಲೇ ವ್ಯವಸ್ಥೆಯಿದೆ, ಎಂಜಿನ್ ಶುರುವಾಗಲು ಅದು ಅಡ್ಡಿಯಲ್ಲ.

ಎರಡನೆಯ ಪ್ರಯಾಣದಲ್ಲೂ ಒಂದು ಬೆಳಿಗ್ಗೆ ಲಾರಿ ಮೂರನೆಯ ಪ್ರಯತ್ನಕ್ಕೆ ಹೊತ್ತಿಕೊಂಡಿತು. ಸೆಲ್ಫ್ ಭಾರವಾಗಿ ತಿರುಗುತ್ತಿತ್ತು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಧಾರಾಳವಾಗಿ ಬರುತ್ತಿತ್ತು. ಅಂದರೆ ಡೀಸೆಲ್ ತನ್ನ ಕೆಲಸ ಮಾಡಿತ್ತು. ಹುಬ್ಬಳ್ಳಿಯ ಸೆಕೆಗೆ ಒಗ್ಗಿದ 15ಡಬ್ಲ್ಯೂ-40 ಎಂಜಿನ್ ಆಯಿಲ್ಲನ್ನು ಬದಲಿಸದೆ ಹೊರಟಿದ್ದವನು ನಾನೇ.