ಮೆಣಸಿನ ಎಲೆ ಮುದುಡಿದಾಗ ಯಾರನ್ನು ಕೇಳಬೇಕು? ನಾನು ನೋಡಿದ ಐದು ದಾರಿ

ದೀಪಾವಳಿ ಮುಗಿದು ಹತ್ತು ದಿನ ಆಗಿತ್ತು. ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ 14 ಬ್ಯಾಡಗಿ ಮೆಣಸಿನ ಗಿಡ ಇದ್ದವು. ಜುಲೈನಲ್ಲಿ ಸಸಿ ತಂದು ದೊಡ್ಡ ಚೀಲಗಳಲ್ಲಿ ಹಚ್ಚಿದ್ದೆ. ಬ್ಯಾಡಗಿಯಲ್ಲಿ ಎರಡು ಥರ, ಅರ್ಧ ಕಡ್ಡಿ, ಅರ್ಧ ಡಬ್ಬಿ. ಕಾಯಿ ತುಂಬಾ ಚೆನ್ನಾಗಿ ಬಂದಿದ್ದವು. ಕೆಳಗಿನ ಕಾಯಿ ಕೆಂಪಾಗಲು ಶುರುವಾಗಿತ್ತು. ಅಷ್ಟರಲ್ಲಿ ಕುಡಿ ಎಲೆ ಮುದುಡತೊಡಗಿದವು.

ಕೊಯ್ಲಿನ ಹೊತ್ತಿಗೆ ಹೀಗಾದರೆ ಎರಡು ಭಯ. ಸುಮ್ನೆ ಬಿಟ್ಟರೆ ಹೂ ಉದುರುತ್ತದೆ, ಎರಡನೇ ಸುತ್ತಿನ ಕಾಯಿ ಹೋಗುತ್ತದೆ. ಏನಾದರೂ ಹೊಡೆದರೆ ಅದು ನಾಳೆ ನಮ್ಮ ಸಾರಿನಲ್ಲೇ ಇರುತ್ತದೆ. ಹಾಗಾಗಿ ಹೊಡೆಯುವುದಕ್ಕಿಂತ ಮುಂಚೆ ಇದು ಏನು ಅಂತ ಗೊತ್ತಾಗಬೇಕಿತ್ತು. ನಮ್ಮ ಕಡೆ ಎಲೆ ಮುದುಡಿದ್ದಕ್ಕೆಲ್ಲ 'ಮುಟುರು ರೋಗ' ಅಂತ ಒಂದೇ ಹೆಸರು. ಹೆಸರು ಒಂದೇ ಆದರೂ ಮಾಡುವವರು ಬೇರೆ ಬೇರೆ. ಥ್ರಿಪ್ಸ್ ನುಸಿಯಿಂದ ಮುದುಡಬಹುದು, ಮೈಟ್ ನುಸಿಯಿಂದ ಮುದುಡಬಹುದು, ಬಿಳಿ ನೊಣ ತರುವ ವೈರಸ್‌ನಿಂದಲೂ ಮುದುಡಬಹುದು. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಮೊಬೈಲ್ ಆ್ಯಪ್ ಹಿಡಿದೆ. ಮಗ ಹಾಕಿಕೊಟ್ಟಿದ್ದ. ಫೋಟೋ ತೆಗೆದರೆ ರೋಗದ ಹೆಸರು ಹೇಳುತ್ತದೆ. ಆರು ಗಿಡದ ಫೋಟೋ ಕೊಟ್ಟೆ. ನಾಲ್ಕಕ್ಕೆ ವೈರಸ್ ಅಂದಿತು, ಕಿತ್ತು ಹಾಕಿ ಅಂದಿತು. ಕಾಯಿ ತುಂಬಿ ನಿಂತ ಗಿಡ ಕೀಳು ಅಂದರೆ ಹೊಟ್ಟೆ ಚುರ್ ಅನ್ನುತ್ತದೆ. ಮರುದಿನ ಎಲೆ ಮಗುಚಿ ಕೆಳಭಾಗದ ಫೋಟೋ ಕೊಟ್ಟೆ. ಆಗ ಅದೇ ನಾಲ್ಕರಲ್ಲಿ ಎರಡಕ್ಕೆ ಥ್ರಿಪ್ಸ್ ಅಂದಿತು. ನಾನು ತೋರಿಸಿದ್ದನ್ನಷ್ಟೇ ಅದು ನೋಡುತ್ತದೆ. ಮೆಣಸಿನ ಎಲೆಯ ಕಥೆ ಇರುವುದೇ ಕೆಳಭಾಗದಲ್ಲಿ, ನಾನು ತೋರಿಸಿದ್ದು ಮೇಲ್ಭಾಗ. ಎಲೆ ಮೇಲಿನ ದೊಡ್ಡ ಚುಕ್ಕೆ, ಕಾಯಿ ಕೊಳೆಯುವುದು, ಇಂಥದ್ದಕ್ಕೆ ಆ್ಯಪ್ ಪರವಾಗಿಲ್ಲ. ಮುದುಡಿದ ಎಲೆಗೆ ಅದೊಂದನ್ನೇ ನಂಬಿ ಗಿಡ ಕೀಳಬೇಡಿ.

ಆಮೇಲೆ ಒಂದು ಗೊಬ್ಬರದ ಅಂಗಡಿ. ಟೊಂಗೆ ಮುರಿದು ಒಯ್ದಿದ್ದೆ. ಕೌಂಟರ್ ಮೇಲೆ ಇಟ್ಟೆ. ಅವರು ದೂರದಿಂದಲೇ ನೋಡಿ ಎರಡು ಬಾಟಲಿ ಇಟ್ಟರು. ಎರಡೂ ಕೂಡಿಸಿ ಹೊಡೀರಿ ಅಂದರು. ಕಾಯಿ ಯಾವಾಗ ಬಿಡಿಸುತ್ತೀರಿ ಅಂತ ಕೇಳಲಿಲ್ಲ. ನಾನೇ ಕೇಳಿದೆ, ಹೊಡೆದು ಎಷ್ಟು ದಿನ ಬಿಟ್ಟು ತಿನ್ನಬೇಕು ಅಂತ. ಏನಾಗಲ್ಲ ಅಂದರು. ಮನೆಗೆ ಬಂದು ಬಾಟಲಿ ಮೇಲಿನ ಚೀಟಿ ಓದಿದರೆ ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳ ಲೆಕ್ಕ ಅಚ್ಚಾಗಿತ್ತು. ವಿಷ ಎಷ್ಟು ಜೋರು ಅಂತ ಹೇಳುವ ಬಣ್ಣದ ಗುರುತೂ ಇತ್ತು. ಕೆಂಪು ಎಲ್ಲಕ್ಕಿಂತ ಜೋರು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ನನ್ನ ಕೈಯಲ್ಲಿದ್ದದ್ದು ಹಳದಿ. ಬರಿ ಒಂದು ಬಾಟಲಿಯ ಔಷಧವನ್ನು ಎರಡು ಗಿಡಕ್ಕೆ ಮಾತ್ರ ಹೊಡೆದು ನೋಡಿದೆ. ಥ್ರಿಪ್ಸ್ ಎರಡೇ ದಿನದಲ್ಲಿ ಕಡಿಮೆ ಆಯಿತು, ಸುಳ್ಳು ಹೇಳಲ್ಲ. ಆದರೆ ಹತ್ತು ದಿನಕ್ಕೆ ಅದೇ ಎರಡು ಗಿಡದ ಕುಡಿ ಕೆಳಮುಖವಾಗಿ ಮಡಚಿತು. ಮೈಟ್ ನುಸಿ ಏರಿತ್ತು. ಅದು ಪೈರಿಥ್ರಾಯ್ಡ್ ಅನ್ನುವ ಕೀಟನಾಶಕ ಗುಂಪಿನ ಔಷಧ. ನುಸಿಯನ್ನು ತಿನ್ನುವ ಒಳ್ಳೆಯ ಹುಳಗಳನ್ನೂ ಅದು ಕೊಲ್ಲುತ್ತದೆ, ಹಿಂದೆ ಉಳಿದ ಮೈಟ್‌ಗೆ ಹಬ್ಬ. ಆ ಎರಡು ಗಿಡದ ಕಾಯಿ ಬೇರೆ ಇಟ್ಟೆ, ಅಡುಗೆಗೆ ಬಳಸಲಿಲ್ಲ.

ಅಂಗಡಿಗೆ ಹೋಗಿ ಬಂದ ದಿನ ಸಂಜೆಯೇ ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನ ಕಾಕಾನಿಗೆ ಫೋನ್ ಮಾಡಿದ್ದೆ. ಅವರದು ಎರಡು ಎಕರೆ ಮೆಣಸಿನ ಹೊಲ. ನಾನು ಅಂಗಡಿ ಕಥೆ ಶುರು ಮಾಡುವುದರೊಳಗೇ ತಡೆದರು.

"ಎಲಿ ಮ್ಯಾಲ ಮಡಚೇತೋ, ಕೆಳಗ ಮಡಚೇತೋ? ಮೊದ್ಲ ಅದನ್ನ ಹೇಳವಾ."

ನಾನು ನೋಡಿರಲಿಲ್ಲ! ಇಷ್ಟು ದಿನ ಗಿಡದ ಮುಂದೆಯೇ ಕೂತವಳು ಅದನ್ನೇ ನೋಡಿರಲಿಲ್ಲ. ಟಾರ್ಚ್ ಹಿಡಿದು ಮಾಳಿಗೆಗೆ ಓಡಿದೆ.

ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಬಾಗಿ, ಮಗುಚಿಟ್ಟ ದೋಣಿಯ ಹಾಗಿದ್ದರೆ ಮೈಟ್. ಮೈಟ್ ಬಿದ್ದ ಎಲೆ ಕಿರಿದಾಗುತ್ತದೆ, ತೊಟ್ಟು ಮಾತ್ರ ಉದ್ದ ಆಗುತ್ತದೆ. ಎಲೆ ಸಣ್ಣಗಾಗಿ, ಸುಕ್ಕಾಗಿ, ಗೊಂಚಲು ಕಟ್ಟಿ, ಗಿಡವೇ ಕುಳ್ಳಗೆ ನಿಂತಿದ್ದರೆ ವೈರಸ್. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಕಾಕಾನ ದಾರಿಗೆ ದುಡ್ಡೂ ಬೇಡ, ಸಮಯವೂ ಬೇಡ. ನನ್ನ 14 ಗಿಡದಲ್ಲಿ ಐದರ ಎಲೆ ಮೇಲೆ, ಮೂರರ ಎಲೆ ಕೆಳಗೆ ಮಡಚಿತ್ತು. ಒಂದು ಮಾತ್ರ ಗೊಂಚಲು ಕಟ್ಟಿತ್ತು.

ಆದರೆ ಒಂದೇ ಗಿಡದಲ್ಲಿ ಎರಡೂ ಥರ ಇದ್ದರೆ? ನನ್ನ ಎರಡು ಗಿಡದಲ್ಲಿ ಹಾಗೇ ಇತ್ತು. ಅಲ್ಲಿ ಬರಿಗಣ್ಣು ಸಾಲುವುದಿಲ್ಲ. ಹುಬ್ಬಳ್ಳಿಗೆ ಹೋದಾಗ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಭೂತಕನ್ನಡಿ ತಂದೆ. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಬೆಳಗ್ಗೆ ಬಿಸಿಲು ಏರುವ ಮುಂಚೆ ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಟೊಂಗೆಗೆ ಮೆಲ್ಲಗೆ ತಟ್ಟಿದೆ. ಒಂದು ಮಿಲಿಮೀಟರ್ ಉದ್ದದ, ದಾರದ ಚೂರಿನಂಥ ಹುಳ ಬಿದ್ದು ಓಡಾಡಿದವು. ಥ್ರಿಪ್ಸ್! ಹೂವನ್ನೂ ಹಾಗೇ ತಟ್ಟಿ ನೋಡಬೇಕು. 2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ನುಗ್ಗಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಗುಂಪು ಕಟ್ಟಿ ಕೂರುತ್ತದೆ. ಆ ವರ್ಷ ಕಾಕಾನ ಹೊಲದಲ್ಲೂ ಹೂವು ಉದುರಿ ನೆಲ ಬೆಳ್ಳಗಾಗಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ನನ್ನ ಹೂವುಗಳಲ್ಲಿ ಕಪ್ಪು ಹುಳ ಕಾಣಲಿಲ್ಲ. ಉಸಿರು ಬಂತು.

ಮೈಟ್ ಹಾಗೆ ಸುಲಭಕ್ಕೆ ಸಿಗುವುದಿಲ್ಲ. ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಅಷ್ಟೇ ಇರುತ್ತದೆ. ತೀರಾ ಎಳೆಯ ಎಲೆಯ ಬೆನ್ನು ನೋಡಿದರೆ ಗಾಜಿನ ಪುಡಿ ಅಲುಗಾಡಿದ ಹಾಗೆ ಕಾಣುತ್ತದೆ. ನಿಜವಾಗಿಯೂ ಕಂಡೆನಾ, ಕಂಡ ಹಾಗೆ ಅನ್ನಿಸಿತಾ? ಧೈರ್ಯವಾಗಿ ಹೇಳಲು ಆಗಲಿಲ್ಲ.

ಆ ಅನುಮಾನಕ್ಕೇ ಕೊನೆಯ ದಾರಿ ಹಿಡಿದೆ. ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ ಊರಲ್ಲೇ ಇದೆ. ಹಾವೇರಿಯವರಿಗೆ ಹನುಮನಮಟ್ಟಿಯಲ್ಲಿ, ಗದಗಿನವರಿಗೆ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಟೊಂಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ, ಬೆವತು ಕೊಳೆಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಕುಡಿ, ಹೂವು, ಕೆಳಗಿನ ಎಲೆ ಮೂರೂ ಇರುವ ಹಾಗೆ ಒಯ್ಯಿರಿ. ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಡಮ್ಮು ಸೂಕ್ಷ್ಮದರ್ಶಕದಲ್ಲಿ ಇಟ್ಟು ನನ್ನನ್ನೂ ಕರೆದು ತೋರಿಸಿದರು. ಮೈಟ್‌ನ ಮೊಟ್ಟೆ! ಉದ್ದುದ್ದ, ಪಾರದರ್ಶಕ, ಮೈತುಂಬ ಸಾಲಾಗಿ ಬಿಳಿ ಚುಕ್ಕೆ. ಇಷ್ಟು ಚಂದದ್ದು ನನ್ನ ಗಿಡ ಹಾಳು ಮಾಡುತ್ತಿದೆಯಲ್ಲ ಅನ್ನಿಸಿತು. ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ಕೆಳಗಿನ ಹಳದಿ ಎಲೆಗಳಿಗೆ ಸಾರಜನಕ ಸಾಲದು ಅಂತ ನಾನು ಗೊಬ್ಬರ ಹಾಕಲು ಹೊರಟಿದ್ದೆ. ಎಲೆಯ ಬೆನ್ನಲ್ಲಿ ತೆಳ್ಳಗೆ ಬಿಳಿ ಹಿಟ್ಟು ಹಿಡಿದಿತ್ತು. ಅದು ಬೂದಿ ರೋಗ. ಚಳಿ ಬಿದ್ದು ಒಣ ಹವೆ ಆದಾಗ ಮೆಣಸಿಗೆ ಬರುತ್ತದೆ. ಹಿಟ್ಟೂ ಇಲ್ಲ, ಚುಕ್ಕೆಯೂ ಇಲ್ಲ, ಕಾಯಿ ಕೆಂಪಾಗುವಾಗ ತೀರಾ ಕೆಳಗಿನ ನಾಲ್ಕೆಂಟು ಎಲೆ ಹಳದಿಯಾಗಿ ಉದುರಿದರೆ ಅದು ವಯಸ್ಸು. ಬಿಟ್ಟುಬಿಡಿ.

ಈ ದಾರಿಗೆ ಅರ್ಧ ದಿನ ಹೋಯಿತು. ಕೆಲಸಕ್ಕೆ ಹೋಗುವವರಿಗೆ ಕಷ್ಟ, ಒಪ್ಪುತ್ತೇನೆ. ಆದರೆ ಮೈಟ್ ಅನುಮಾನ ಇದ್ದರೆ ಬೇರೆ ಯಾವುದೂ ಇಷ್ಟು ಖಾತ್ರಿ ಕೊಡಲಿಲ್ಲ. ನನ್ನ ಮಟ್ಟಿಗೆ ಕಾಕಾನ ಪ್ರಶ್ನೆ, ಭೂತಕನ್ನಡಿ ಎರಡೂ ಮೊದಲು. ಅಲ್ಲಿಗೂ ತಿಳಿಯದಿದ್ದರೆ ಟೊಂಗೆ ಹಿಡಿದು ವಿಶ್ವವಿದ್ಯಾಲಯಕ್ಕೆ. ಆ್ಯಪ್ ಬೇಕಾದರೆ ಜೊತೆಗಿರಲಿ. ಅಂಗಡಿಗೆ ಹೋಗುವುದು ಏನು ಬೇಕು ಅಂತ ಗೊತ್ತಾದ ಮೇಲೆ, ಚೀಟಿಯಲ್ಲಿ ಹೆಸರು ಬರೆದುಕೊಂಡು.

ಮದ್ದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಥ್ರಿಪ್ಸ್ ಗಿಡಗಳಿಗೆ ಸಂಜೆ ಬೇವಿನ ಎಣ್ಣೆ, ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸೋಪಿನ ನೀರು ಕೂಡಿಸಿ ವಾರಕ್ಕೊಮ್ಮೆ. ಜೊತೆಗೆ ನೀಲಿ ಅಂಟಿನ ಹಾಳೆ ತೂಗು ಹಾಕಿದೆ. ಬಿಳಿ ನೊಣಕ್ಕೆ ಹಳದಿ ಹಾಳೆ. ಹಾಳೆಗಳಿಂದ ಹುಳ ಮುಗಿಯುವುದಿಲ್ಲ, ಎಷ್ಟು ಬಂದಿವೆ ಅಂತ ಗೊತ್ತಾಗುತ್ತದೆ. ಮೈಟ್‌ಗೂ ಬೂದಿ ರೋಗಕ್ಕೂ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಕೆಂಪಾದ ಕಾಯೆಲ್ಲ ಮೊದಲು ಬಿಡಿಸಿಕೊಂಡೆ, ಆಮೇಲೆ ಪೊಟ್ಟಣದ ಮೇಲಿನ ದಿನಗಳನ್ನು ಎಣಿಸಿದೆ. ಗಂಧಕವನ್ನು ಬಿಸಿಲಲ್ಲಿ ಹೊಡೆಯಬಾರದು. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಮುಟ್ಟಿಸಲೂಬಾರದು, ಎಲೆ ಸುಡುತ್ತದೆ. ಹಾಗಾಗಿ ಎರಡೂ ನುಸಿ ಇದ್ದ ಗಿಡಗಳಿಗೆ ಗಂಧಕ ಮಾತ್ರ ಕೊಟ್ಟೆ. ಹುಳಿ ಮಜ್ಜಿಗೆ ಎರಡು ಗಿಡಕ್ಕೆ ಹಾಕಿ ನೋಡಿದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ವೈರಸ್ ಗಿಡಕ್ಕೆ ಮದ್ದಿಲ್ಲ. ಕಾಯಿ ಬಿಡಿಸಿಕೊಂಡು ಬೇರು ಸಮೇತ ಕಿತ್ತೆ. ಆ ಒಂದು ಗಿಡದ ಬಗ್ಗೆ ಆ್ಯಪ್ ಹೇಳಿದ್ದು ಸರಿ ಇತ್ತು.

ಒಂದು ವಿಷಯ ಯಾರೂ ಮೊದಲೇ ಹೇಳಲಿಲ್ಲ. ಒಮ್ಮೆ ಮುದುಡಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಒಂದು ವಾರ ಅದೇ ಹಳೇ ಎಲೆ ನೋಡುತ್ತ ಮದ್ದು ನಾಟಲಿಲ್ಲ ಅಂತ ಅಳುಮೋರೆ ಹಾಕಿಕೊಂಡು ಕೂತಿದ್ದೆ. ನೋಡಬೇಕಾದ್ದು ಹೊಸ ಚಿಗುರನ್ನು. ಮೈಟ್ ಹಿಡಿದ ಮೂರರಲ್ಲಿ ಎರಡು ಗಿಡ ಹನ್ನೆರಡನೇ ದಿನಕ್ಕೆ ಅಗಲವಾದ, ಹಸಿರಾದ ಚಿಗುರು ಕೊಟ್ಟವು.

ಡಿಸೆಂಬರ್ ಕೊನೆಯಲ್ಲಿ ಮಾಳಿಗೆ ಮೇಲೆ ಹಾಸಿದ ಹಳೇ ಪಂಜಿಯ ತುಂಬ ಕೆಂಪು, ಸುಕ್ಕುಸುಕ್ಕಾದ ಕಾಯಿ. ಕಾಕಾನಿಗೆ ಫೋಟೋ ಕಳಿಸಿದೆ. ಕಾಯಿ ಬಗ್ಗೆ ಒಂದು ಮಾತೂ ಇಲ್ಲ.

"ಸಂಕ್ರಾಂತಿಗೆ ಬರೂ ಮುಂದ ಆ ಭೂತಕನ್ನಡಿ ತಗೊಂಡ ಬಾರವಾ. ಈಗೀಗ ನುಸಿ ಕಣ್ಣಿಗೆ ಹತ್ತವಲ್ವು."